ಮಕ್ಕಳು ಮಲಗಿದ ಹೊತ್ತು

ನಾನು ಬಿಟ್ಟುಬಂದ ಅಂಗನವಾಡಿಗೆ ಈಗ ಕಾವ್ಯ ಎಂಬ ಹುಡುಗಿ ಕಾರ್ಯಕರ್ತೆಯಾಗಿ ಬಂದಿದ್ದಾಳೆ. ಹೋದ ವಾರ ಫೋನ್ ಮಾಡಿದ್ದಳು. “ಮಿಸ್ಸು, ಬೆಳಿಗ್ಗೆ ಎಂಗೋ ಸಾಗೋಯ್ತದ. ಊಟ ಆದ್ಮೇಲ ಏನ್ ಮಾಡದು ಅಂತ್ಲೇ ಗೊತ್ತಾಯ್ತಿಲ್ಲ. ಅರ್ಧ ಮಕ್ಕ ತೂಕಡಿಸ್ತವ, ಅರ್ಧ ಕಿತ್ತಾಡ್ತವ. ಮಲಗ್ಸುದ್ರ ಯಾರಾರ ಏನಾರ ಅಂದಾರು ಅಂತ ಭಯ. ನೀವ್ ಏನ್ ಮಾಡ್ತಿದ್ರಿ?”

ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅನ್ನಿಸಿತು. ಬರೆದು ಕಳಿಸುತ್ತೇನೆ ಎಂದೆ. ಅವಳಿಗೆಂದು ಶುರು ಮಾಡಿದ್ದು, ಅವಳಂತೆ ಹೊಸದಾಗಿ ಸೇರುವ ಬೇರೆ ಹೆಣ್ಣುಮಕ್ಕಳಿಗೂ ಉಪಯೋಗಕ್ಕೆ ಬಂದರೆ ಬರಲಿ.

ನನ್ನ ಹೆಸರು ನಾಗಮಣಿ. ಹುಟ್ಟಿದ್ದು ಯಳಂದೂರು. ಮದುವೆಯಾಗಿ ಬಂದದ್ದು ಹನೂರಿನಾಚೆ ಕಾಡಂಚಿನ ಒಂದು ಸಣ್ಣ ಊರಿಗೆ. ಗಂಡ ಬಹಳ ಕಾಲ ಬದುಕಲಿಲ್ಲ, ಮಕ್ಕಳಾಗಿರಲಿಲ್ಲ. ಅಂಗನವಾಡಿಯ ಕೆಲಸ ಸಿಕ್ಕಿದ ಮೇಲೆ ಆ ಊರಿನಲ್ಲೇ ಉಳಿದೆ. ನಿವೃತ್ತಿಯಾದ ಮೇಲೆ ಕೊಳ್ಳೇಗಾಲದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಇದ್ದೇನೆ. ಕೆಲಸದಲ್ಲಿದ್ದಾಗ ನೆಂಟರೆಲ್ಲ ಒಂದೇ ಮಾತು ಹೇಳುತ್ತಿದ್ದರು: “ದಿನಾ ಅಷ್ಟು ಮಕ್ಕಳ ಮಧ್ಯ ಇರ್ತೀಯಲ್ಲ, ನಿನಗ್ಯಾವ ಬೇಜಾರು ಬುಡು.” ಅವರು ಬೆಳಗಿನ ಹೊತ್ತನ್ನು ಮಾತ್ರ ಕಂಡಿದ್ದರು. ಊಟದ ನಂತರ ಆ ಒಂದೇ ಕೋಣೆಯಲ್ಲಿ ಏನಿರುತ್ತದೆ ಎಂದು ನೋಡಿದವರು ಕಡಿಮೆ.

ಮಕ್ಕಳ ಕೈಬಾಯಿ ತೊಳೆಸಿ, ತಟ್ಟೆಗಳನ್ನು ಹೊರಗೆ ಕಳಿಸಿ, ಕಿಟಕಿಗೆ ಹಳೆಯ ಸೀರೆ ಇಳಿಬಿಟ್ಟು ಚಾಪೆ ಹಾಸುತ್ತಿದ್ದೆವು. ಒದೆಯುವ ಮಕ್ಕಳನ್ನು ಗೋಡೆಯ ಕಡೆಗೆ, ಹೆದರುವ ಮಕ್ಕಳನ್ನು ನನ್ನ ಹತ್ತಿರಕ್ಕೆ. “ಮಲಗು” ಎಂದು ಗದರಿಸಿದರೆ ಯಾವ ಮಗುವೂ ಮಲಗುವುದಿಲ್ಲ. ಗಲಾಟೆ ತಾನಾಗಿ ಇಳಿಯುವವರೆಗೆ ಕಾಯಬೇಕು. ಮೊದಲು ಮಾತು ನಿಲ್ಲುತ್ತದೆ, ಆಮೇಲೆ ಕಾಲು ನಿಲ್ಲುತ್ತದೆ, ಕೊನೆಗೆ ಕಣ್ಣು. ಶೀಟಿನ ಮಾಡಿನ ಮೇಲೆ ಅಳಿಲು ಓಡಾಡುವ ಸದ್ದು, ದೂರದಲ್ಲಿ ಬೆಟ್ಟಕ್ಕೆ ಹೋಗುವ ಬಸ್ಸಿನ ಹಾರ್ನು. ಅಷ್ಟೇ.

ನನ್ನ ಸಹಾಯಕಿ ಮಾದಮ್ಮ ಅಡುಗೆ ಮಾಡಿ, ಬಡಿಸಿ, ಪಾತ್ರೆ ತೊಳೆದು ಬಂದವಳೇ “ಒಂದ್ಗಳ್ಗ ಒರಿಕತಿನಿ ಮಿಸ್ಸು” ಎಂದು ಮಕ್ಕಳ ಸಾಲಿನ ಕೊನೆಗೆ ಉರುಳುತ್ತಿದ್ದಳು. ಮಕ್ಕಳಿಗಿಂತ ಮೊದಲು ಅವಳ ಗೊರಕೆ. ಯಾರಾದರೂ ಒಬ್ಬರು ಎಚ್ಚರವಿರಲೇಬೇಕಲ್ಲ. ಒಮ್ಮೆ ಕೋತಿಯೊಂದು ಒಳಗೆ ಬಂದು ಮಕ್ಕಳ ತಲೆಯ ಮೇಲೆ ದಾಟಿ ಮೊಟ್ಟೆಯ ಬುಟ್ಟಿಗೆ ಕೈ ಹಾಕಿತ್ತು. ಇನ್ನೊಮ್ಮೆ ಜ್ವರ ಏರಿ ಮಗುವೊಂದು ನಿದ್ದೆಯಲ್ಲೇ ಸೆಟೆದುಕೊಂಡಿತ್ತು. ಹಾಗಾಗಿ ನಾನು ಎಚ್ಚರವಿರುತ್ತಿದ್ದೆ. ಊರಿನಲ್ಲಿ ಹೊಲಕ್ಕೆ ಹೋದವರು ಹೊಲದಲ್ಲಿ, ಮನೆಯಲ್ಲಿದ್ದವರು ನಿದ್ದೆಯಲ್ಲಿ. ಕಣ್ಣು ತೆರೆದುಕೊಂಡು ಕೂತವಳು ನಾನೊಬ್ಬಳೇ ಎನ್ನುವ ಹಾಗೆ ಅನ್ನಿಸುತ್ತಿತ್ತು. ಮಾತನಾಡಲು ಬಾಯಿ ತೆರೆದರೆ ಮಕ್ಕಳು ಏಳುತ್ತಾರೆ. ರೇಡಿಯೋ ಹಾಕುವಂತಿಲ್ಲ. ಸುಮ್ಮನೆ ಕೂತು ಅವರ ಹೊಟ್ಟೆ ಏರಿ ಇಳಿಯುವುದನ್ನು ನೋಡುತ್ತಿದ್ದೆ.

ಸಂಜೆಯ ಹೊತ್ತಿಗೆ ಮಾದಮ್ಮನಿಗೂ ನನಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಅವಳು ಮುಖ ತೊಳೆದುಕೊಂಡು ನಗುತ್ತಾ ಮಕ್ಕಳಿಗೆ ಜಡೆ ಹಾಕುವಳು. ನಾನು ತಲೆನೋವು ಹಿಡಿದು, ದಾಖಲೆ ಪುಸ್ತಕದಲ್ಲಿ ಒಂದು ಮಗುವಿನ ತೂಕ ಇನ್ನೊಂದರ ಹೆಸರಿಗೆ ಬರೆದು, ಸಣ್ಣದಕ್ಕೂ ಸಿಡುಕುತ್ತಿದ್ದೆ. “ನೀವೂ ಒಂಚೂರು ಮಲುಕ್ಕಳಿ ಮಿಸ್ಸು, ನಾ ಕೂತ್ಕತಿನಿ” ಎಂದು ಅವಳು ಎಷ್ಟೋ ಸಲ ಹೇಳಿದಳು. ಮಲಗಿ ನೋಡಿದೆ, ಬರಲಿಲ್ಲ. ಆದ್ದರಿಂದ ಕಾವ್ಯ, ಇದು ಮೊದಲ ಮಾತು: ಮೊದಲ ವಾರದಿಂದಲೇ ಸಹಾಯಕಿಯ ಜೊತೆ ಸರದಿ ಮಾಡಿಕೋ. ಒಂದು ದಿನ ಅವಳು ಒರಗಲಿ, ಒಂದು ದಿನ ನೀನು. ಅಭ್ಯಾಸ ತಪ್ಪಿದ ಮೇಲೆ ನಿದ್ದೆ ಕರೆದರೆ ಬರುವುದಿಲ್ಲ. ಈಗ ನನಗೆ ಮಧ್ಯಾಹ್ನಗಳೆಲ್ಲ ಬಿಡುವು. ಕಣ್ಣು ಮುಚ್ಚಿದರೆ ಯಾರೋ ಎದ್ದು ಹೊರಗೆ ಹೋದರೇನೋ ಎಂದು ಎಚ್ಚರವಾಗುತ್ತದೆ. ಅಪರೂಪಕ್ಕೆ ನಿದ್ದೆ ಹತ್ತಿದರೆ ದೀಪ ಹಚ್ಚುವ ಹೊತ್ತಿನವರೆಗೂ ಮಲಗಿಬಿಡುತ್ತೇನೆ. ಎದ್ದಾಗ ಬೆಳಗೋ ಸಂಜೆಯೋ ತಿಳಿಯುವುದಿಲ್ಲ, ಮೈಯೆಲ್ಲ ಭಾರ, ಯಾರ ಮೇಲೋ ಕೋಪ. ಬಾಗಿಲು ತೆಗೆದರೆ ಓಣಿಯಲ್ಲಿ ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿರುತ್ತಾರೆ.

ಮಕ್ಕಳದೂ ಹಾಗೆಯೇ. ಹೆಚ್ಚು ಹೊತ್ತು ಮಲಗಲು ಬಿಟ್ಟರೆ ಅಳುತ್ತಾ ಏಳುತ್ತವೆ. ತಾಯಂದಿರು ಮಾರನೆಯ ದಿನ ಬಂದು “ಮನೇಲಿ ರಾತ್ರ ಮಲಗ್ನೇ ಇಲ್ಲ ಕಣ್ ಮಿಸ್ಸು” ಎಂದು ದೂರುತ್ತಾರೆ. ತೀರ ಕಡಿಮೆಯಾದರೂ ಕಷ್ಟ. ಸೋಮವಾರ ನೋಡು, ಗೊತ್ತಾಗುತ್ತದೆ. ಭಾನುವಾರ ಮನೆಯಲ್ಲಿ ಮಲಗದೆ ಕುಣಿದ ಮಕ್ಕಳು ಸೋಮವಾರ ಒಬ್ಬರನ್ನೊಬ್ಬರು ಕಚ್ಚುತ್ತವೆ. ದಿನವೂ ಅದೇ ಹೊತ್ತಿಗೆ ಮಲಗಿಸಿ, ಬಿಸಿಲು ಬಾಗಿಲಿನಿಂದ ಜಗಲಿಗೆ ಇಳಿಯುವಾಗ ಕಿಟಕಿಯ ಸೀರೆ ಸರಿಸಿಬಿಡು. ಬೆಳಕು ಬಿದ್ದರೆ ತಾವಾಗಿ ಏಳುತ್ತವೆ.

ಇದನ್ನೆಲ್ಲ ನನಗೆ ಯಾರೂ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ನಾನು ಸೇರಿದ ಹೊಸತರಲ್ಲಿ ಮೇಲ್ವಿಚಾರಕಿ ಮೇಡಂ ಒಬ್ಬರು ಸರಿಯಾಗಿ ಮಲಗುವ ಹೊತ್ತಿಗೇ ತಪಾಸಣೆಗೆ ಬಂದರು. ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಮಾದಮ್ಮ ಗೊರಕೆ ಹೊಡೆಯುತ್ತಿದ್ದಳು.

“ಏನ್ರೀ ನಾಗಮಣಿ, ಇದೇನು ಛತ್ರ ಮಾಡಿದ್ದೀರಾ? ಮಕ್ಕಳನ್ನು ಕಲಿಯೋದಕ್ಕೆ ಕಳಿಸ್ತಾರೆ, ಮಲಗೋದಕ್ಕಲ್ಲ.”

ಮಾರನೆಯ ದಿನದಿಂದ ಊಟವಾದ ಮೇಲೂ ಪದ್ಯ, ಅಕ್ಷರ, ಬಣ್ಣ. ಎರಡೇ ವಾರದಲ್ಲಿ ಮಕ್ಕಳು ಬೇರೆಯೇ ಆದರು. ಸಂಜೆ ಅಂಗಳದಲ್ಲಿ ಎಡವಿ ಬೀಳುವುದು ಹೆಚ್ಚಾಯಿತು. ಬೆಳಿಗ್ಗೆ ಗಟ್ಟಿಯಾಗಿ ಹೇಳಿದ ಪದ್ಯ ಸಂಜೆಗೆ ಮರೆತಿರುತ್ತಿತ್ತು. ಅಳು ಶುರುವಾದರೆ ನಿಲ್ಲುತ್ತಿರಲಿಲ್ಲ. ನಾನೂ ಅಳುವಂತಾಗಿದ್ದೆ.

ಮೇಡಂ ಮತ್ತೆ ಬಂದರು. ಈ ಸಲ ನೋಡಿಕೊಂಡು ಹೋಗಲಿಲ್ಲ, ತಾವೇ ಚಾಪೆಯ ಮೇಲೆ ಕೂತು ಪದ್ಯ ಹೇಳಿಕೊಡಲು ಶುರು ಮಾಡಿದರು. ಚೆನ್ನಾಗಿಯೇ ಹೇಳಿಕೊಡುತ್ತಿದ್ದರು. ಮಧ್ಯದಲ್ಲಿ ಒಂದು ಹೆಣ್ಣು ಮಗು ಎದ್ದು ಹೋಗಿ ಅವರ ತೊಡೆಯ ಮೇಲೆ ಕೂತು, ಬಾಯಲ್ಲಿ ಪದ್ಯದ ಅರ್ಧ ಸಾಲು ಇರುವಾಗಲೇ ನಿದ್ದೆ ಹೋಯಿತು. ಮೇಡಂ ಅದನ್ನು ಏಳಿಸಲಿಲ್ಲ. ಒಂದೊಂದಾಗಿ ಉಳಿದವೂ ವಾಲಿದವು. ಅವರು ಮೆಲುದನಿಯಲ್ಲಿ, “ನಮ್ಮನೆಯಲ್ಲೂ ಇಷ್ಟೇ ವಯಸ್ಸಿನದು ಒಂದಿದೆ. ಅದು ಮಧ್ಯಾಹ್ನ ಮಲಗುತ್ತೋ ಇಲ್ವೋ ನನಗೇ ಗೊತ್ತಿಲ್ಲ. ನಾನು ಈ ಹೊತ್ತಿನಲ್ಲಿ ಮನೆಯಲ್ಲಿ ಇದ್ದದ್ದೇ ಇಲ್ಲ” ಎಂದರು. ತೊಡೆಯ ಮೇಲಿನ ಮಗುವನ್ನು ಚಾಪೆಗೆ ಇಳಿಸಿ, “ಕಷ್ಟದ ಪಾಠವೆಲ್ಲ ಊಟಕ್ಕೆ ಮೊದಲು ಮುಗಿಸಿ. ಆಮೇಲೆ ಮಲಗಿಸಿ. ಎದ್ದ ಮೇಲೆ ಕೇಳಿ ನೋಡೋಣ” ಎಂದರು. ಹಾಗೆಯೇ ಮಾಡಿದೆವು. ಮಲಗಿ ಎದ್ದ ಮಕ್ಕಳು ಬೆಳಗಿನದನ್ನು ಮರೆತಿರುತ್ತಿರಲಿಲ್ಲ. ಕೆಲವು ಸಲ ಬೆಳಿಗ್ಗೆಗಿಂತ ಚೆನ್ನಾಗಿ ಹೇಳುತ್ತಿದ್ದವು.

ಅವತ್ತು ಹೊರಡುವಾಗ ಆ ಮೇಡಂ ಕೇಳಿದರು: “ಈ ಹೊತ್ತಿನಲ್ಲಿ ನಿಮಗೆ ಬೇಜಾರಾಗಲ್ವಾ?”

“ಅಭ್ಯಾಸ ಆಯ್ತದ ಮೇಡಂ” ಎಂದೆ. ಅಷ್ಟು ವರ್ಷದ ನೌಕರಿಯಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ಆಮೇಲೆ ಅವರಿಗೆ ವರ್ಗವಾಯಿತು.

ಇನ್ನು ಸಿಂಧುವಿನ ವಿಷಯ. ಇದನ್ನು ಬರೆಯಬೇಕೆಂದೇ ಇಷ್ಟೂ ಬರೆದೆನೇನೋ.

ಕೈಗೆ ಸ್ಮಾರ್ಟ್ ಫೋನ್ ಬಂದು, ಹಾಜರಾತಿ, ಊಟ, ತೂಕ ಎಲ್ಲವನ್ನೂ ಅದರಲ್ಲೇ ತುಂಬುವ ಕಾಲ ಶುರುವಾಗಿತ್ತು. ಸಿಂಧುವನ್ನು ಅವಳ ಅಜ್ಜಿ ಕರೆತಂದು ಬಿಟ್ಟರು. ಅಜ್ಜಿ ಮಾರ್ಟಳ್ಳಿ ಕಡೆಯವರು, ಮಾತಿನ ನಡುವೆ ತಮಿಳು ನುಗ್ಗುತ್ತಿತ್ತು. ಮಗುವಿನ ಅಪ್ಪ ಬೇರೆ ಸಂಸಾರ ಮಾಡಿಕೊಂಡು ಹೋಗಿದ್ದ. ತಾಯಿ ಮಂಜುಳ ಬೆಟ್ಟದಾಚೆ ತಿರುಪ್ಪೂರಿನಲ್ಲಿ ಬನಿಯನ್ ಹೊಲಿಯುವ ಕೆಲಸಕ್ಕೆ ಸೇರಿದ್ದಳು.

ಮಗು ಚೂಟಿ. ಆದರೆ ಮಧ್ಯಾಹ್ನ ಮಲಗುತ್ತಿರಲಿಲ್ಲ. ಅಳುವುದೂ ಇಲ್ಲ, ಹಟವೂ ಇಲ್ಲ. ಎಲ್ಲರ ಜೊತೆ ಚಾಪೆಯ ಮೇಲೆ ಮಲಗಿ, ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುವುದು. ನಾನು ನೀರು ಕುಡಿಯಲು ಎದ್ದರೆ ಎದ್ದು ಕೂರುವುದು. ಹತ್ತಿರ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ನನ್ನ ಸೆರಗಿನ ತುದಿ ಹಿಡಿದು ಪಿಸುಮಾತಿನಲ್ಲಿ ಮಾತಾಡತೊಡಗಿತು. ಅಜ್ಜಿ ಮೇಯಿಸುವ ಆಡಿನ ಮರಿ, ಬೇಲಿಗೆ ಬಂದ ನವಿಲು, ಅಂಗಡಿಯ ಬೆಲ್ಲ. ನಾನೂ ಪಿಸುಮಾತಿನಲ್ಲೇ ಉತ್ತರ ಹೇಳುತ್ತಿದ್ದೆ. ಇನ್ನುಳಿದವರೆಲ್ಲ ಮಲಗಿರುವಾಗ ನಾವಿಬ್ಬರು ಗೋಡೆಗೆ ಒರಗಿ ಕೂತು ಹರಟುತ್ತಿದ್ದೆವು.

ನಿಜ ಹೇಳುತ್ತೇನೆ, ನನಗೆ ಅದು ಹಿಡಿಸಿತು. ಅಷ್ಟು ವರ್ಷ ಆ ಹೊತ್ತನ್ನು ತಳ್ಳುತ್ತಿದ್ದವಳು ಈಗ ಬೆಳಿಗ್ಗೆಯಿಂದಲೇ ಅದಕ್ಕಾಗಿ ಕಾಯುತ್ತಿದ್ದೆ. ಮನೆಯಿಂದ ಕಡಲೆಪುರಿ ತಂದಿಟ್ಟುಕೊಳ್ಳುತ್ತಿದ್ದೆ.

ಆದರೆ ಮಗು ಸೊರಗುತ್ತಿತ್ತು. ಸಂಜೆ ಆಟದಲ್ಲಿ ಬೇರೆ ಮಕ್ಕಳ ಕೈ ಕಚ್ಚಿತು. ಬಣ್ಣಗಳ ಹೆಸರು ಹೇಳುತ್ತಿದ್ದದ್ದು ತಡವರಿಸಿತು. ಕಣ್ಣಿನ ಕೆಳಗೆ ಕಪ್ಪು. ಒಂದು ಸಂಜೆ ಅಜ್ಜಿ ಕರೆದೊಯ್ಯಲು ಬಂದಾಗ ಕೇಳಿದೆ.

“ಮನೇಲಿ ಮಲಗ್ತಾಳಾ ಅಮ್ಮ?”

“ಎಲ್ಲಿ ಮಿಸ್ಸು. ನಾ ಮಗ್ಗುಲು ತಿರುಗುದ್ರೂ ಎದ್ಬುಡ್ತದ. ಪಾವಂ. ಅವರವ್ವ ಓಗ್ಬೇಕಾದ್ರ ಅಳ್ತದ ಅಂತ ಮಧ್ಯಾನ ಮಲಗ್ಸಿ, ಮಲಗಿರಾಗ್ಲೇ ಬಸ್ಸತ್ತುದ್ಲು. ಎದ್ದು ಊರೆಲ್ಲ ತೇಡ್ಬುಡ್ತು ಅವ್ವನ್ನ.”

ತಮಿಳಿನಲ್ಲಿ ಪಾವಂ ಎಂದರೆ ಪಾಪ, ತೇಡುವುದು ಎಂದರೆ ಹುಡುಕುವುದು. ಮರುದಿನ ಮಧ್ಯಾಹ್ನ ಮಗುವನ್ನೇ ಕೇಳಿದೆ.

“ಯಾಕ ಮಲುಕ್ಕಳಲ್ಲ ಸಿಂಧು?”

“ಮಲಿಕಂಡ್ರ ನೀನೂ ಓಯ್ತಿಯ.”

“ನಾ ಎಲ್ಲಿಗ ಓಗನವ್ವ?”

“ಬಸ್ಸತ್ತಿ.”

ಆ ಮಗು ನನ್ನ ಜೊತೆ ಹರಟುತ್ತಿರಲಿಲ್ಲ, ನನ್ನನ್ನು ಕಾಯುತ್ತಿತ್ತು. ಅಷ್ಟು ಚಿಕ್ಕ ಜೀವ ನಿದ್ದೆ ಬಿಟ್ಟು ನನ್ನ ಕಾವಲು ಕೂತಿತ್ತು. ನಾನು ಅದನ್ನು ಸ್ನೇಹ ಎಂದುಕೊಂಡಿದ್ದೆ. ಸ್ನೇಹವೂ ಇದ್ದೀತು. ಅದನ್ನು ಮಲಗಿಸಿದರೆ ನನ್ನ ಮಧ್ಯಾಹ್ನಗಳು ಮೊದಲಿನಂತೆ ಆಗುತ್ತವೆ ಎಂದು ಗೊತ್ತಿತ್ತು. ಕಡಲೆಪುರಿ ತರುವುದನ್ನು ಅವತ್ತೇ ನಿಲ್ಲಿಸಿದೆ.

ಮಾತು ನಿಲ್ಲಿಸಿದೆ, ಕಥೆ ನಿಲ್ಲಿಸಿದೆ. ಮಗ್ಗುಲಲ್ಲಿ ಮಲಗಿಸಿ ನನ್ನ ಸೆರಗಿನ ತುದಿಯನ್ನು ಅದರ ಮಣಿಕಟ್ಟಿಗೆ ಸಡಿಲವಾಗಿ ಕಟ್ಟಿದೆ. “ನಾ ಎದ್ರ ಎಳ್ದಂಗಾಯ್ತದ, ನಿನಗ ಗೊತ್ತಾಯ್ತದ” ಎಂದೆ. ಏನೇ ಕೆಲಸಕ್ಕೆ ಏಳಬೇಕಾದರೂ ಗಂಟು ಬಿಚ್ಚುವ ಮೊದಲು ಅದರ ಮುಖ ನೋಡಿ “ಒಲೆ ತಾವ ಓಯ್ತಿನಿ, ಬತ್ತಿನಿ” ಎಂದು ಹೇಳಿಯೇ ಏಳುತ್ತಿದ್ದೆ. ಹೇಳಿದಂತೆ ಬರುತ್ತಿದ್ದೆ. ಮೊದಲ ಕೆಲವು ದಿನ ಗಂಟನ್ನು ಎಳೆದೆಳೆದು ನೋಡುತ್ತಿತ್ತು. ಆಮೇಲೊಂದು ಮಧ್ಯಾಹ್ನ ಎಳೆಯುವುದು ನಿಂತಿತು. ಬಗ್ಗಿ ನೋಡಿದೆ. ಬಾಯಿ ಅರ್ಧ ತೆರೆದುಕೊಂಡು, ಬೆವರಿಕೊಂಡು ಮಲಗಿತ್ತು. ನನ್ನ ಕಾಲು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ. ಮಾದಮ್ಮ ಎದ್ದು ಬಂದು ನೋಡಿ, “ಮಲಿಕಂಡ್ಳಾ! ನೀವ್ಯಾಕ ಮಿಸ್ಸು ಅಳ್ತಾ ಇದ್ದೀರಿ?” ಎಂದಳು.

ದಿನ ಕಳೆದಂತೆ ಮಗು ಚೇತರಿಸಿಕೊಂಡಿತು. ಕಚ್ಚುವುದು ನಿಂತಿತು. ಬಣ್ಣಗಳ ಹೆಸರು ಮರಳಿ ಬಂದವು. ಹಾಡುವಾಗ ಮುಂದಿನ ಸಾಲಿಗೆ ಬಂತು. ಮನೆಯಲ್ಲೂ ಮಲಗುತ್ತಿದೆ ಎಂದು ಅಜ್ಜಿ ನನಗೆ ನಿಂಬೆಹಣ್ಣು ತಂದುಕೊಟ್ಟರು.

ಹಬ್ಬಕ್ಕೆ ಮಂಜುಳ ಊರಿಗೆ ಬಂದಳು. ಕೆಲವು ದಿನ ಇದ್ದಳು. ಹೊರಡುವ ದಿನ ಮಗುವನ್ನು ಅಂಗನವಾಡಿಗೆ ಕಳಿಸಿ, ಮಧ್ಯಾಹ್ನ ಬ್ಯಾಗು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಮಕ್ಕಳೆಲ್ಲ ಮಲಗಿದ್ದರು. ಸಿಂಧುವಿನ ಕೈಯಲ್ಲಿ ನನ್ನ ಸೆರಗು. ಮಂಜುಳ ಹೊಸ್ತಿಲ ಮೇಲೆಯೇ ನಿಂತು ಮಗುವನ್ನು ನೋಡಿದಳು.

“ನೋಡ್ಕಂಡ್ ಓಗವ ಅಂತ ಬಂದಿ ಮಿಸ್ಸು. ಬೆಟ್ಟದ ಬಸ್ಸು ಬರ ವತ್ತಾಯ್ತು.”

“ಎಬ್ಸು ಮಂಜುಳ. ಹೇಳಿ ಓಗು.”

“ಬ್ಯಾಡ ಮಿಸ್ಸು. ಎದ್ರ ಅಳ್ತದ. ನಂಗ ಓಗಕ್ಕಾಗಲ್ಲ.”

“ಅಳ್ಲಿ. ಅತ್ತು ಸುಮ್ಮನಾಯ್ತದ. ಇಂಗ ಓದ್ರ ಅದು ಇನ್ನ ಮಲಗಲ್ಲ ಕಣವ್ವ.”

ಅವಳು ತಲೆ ಅಲ್ಲಾಡಿಸಿ ತಿರುಗಿದಳು. ನನಗೆ ಏನಾಯಿತೋ, ಅವಳ ಬ್ಯಾಗಿನ ಹಿಡಿಕೆ ಹಿಡಿದುಕೊಂಡುಬಿಟ್ಟೆ. ಪರರ ಸಂಸಾರದಲ್ಲಿ ಹಾಗೆ ಕೈ ಹಾಕಿದವಳಲ್ಲ ನಾನು. “ಬಸ್ಸು ಇನ್ನೊಂದು ಬತ್ತದ” ಎಂದೆ. ಅವಳು ಸಿಟ್ಟಿನಿಂದ ನನ್ನನ್ನು ನೋಡಿದಳು. “ನಿಮಗೇನ್ ಗೊತ್ತು ಮಿಸ್ಸು, ಬುಟ್ಟು ಓಗ ಸಂಕಟ” ಎಂದಳು. ನಾನು ಬ್ಯಾಗನ್ನು ಬಿಡಲಿಲ್ಲ.

ಕೊನೆಗೆ ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, ಮಗುವಿನ ಪಕ್ಕ ಕೂತು ಕೆನ್ನೆ ಮುಟ್ಟಿದಳು. “ನನ್ ಕಣ್ಣು, ಎದ್ದೇಳು. ಅವ್ವ ಓಯ್ತಾ ಅವ್ಳೆ.” ಮಗು ಎದ್ದಿತು. ನೋಡಿತು. ಊರಿಗೆಲ್ಲ ಕೇಳುವ ಹಾಗೆ ಅತ್ತಿತು. ಮಿಕ್ಕ ಮಕ್ಕಳೂ ಎದ್ದು ಅಳತೊಡಗಿದವು. ಮಂಜುಳ ಅದನ್ನು ಸೊಂಟಕ್ಕೇರಿಸಿಕೊಂಡು, “ಸಂಕ್ರಾಂತಿಗ ಬತ್ತಿನಿ, ಮತ್ತ ಓಯ್ತಿನಿ, ಮತ್ತ ಬತ್ತಿನಿ” ಎಂದು ಹೇಳುತ್ತಾ ಅಂಗಳದಲ್ಲಿ ತಿರುಗಾಡಿದಳು. ಬಸ್ಸು ಹಾರ್ನು ಹಾಕಿಕೊಂಡು ಹೋಯಿತು. ಮುಂದಿನ ಬಸ್ಸು ಬರುವ ಹೊತ್ತಿಗೆ ಮಗುವಿನ ಅಳು ಬಿಕ್ಕಾಗಿತ್ತು. ಮಂಜುಳ ಬಸ್ಸು ಹತ್ತಿದಾಗ ಅದು ಕೈ ಬೀಸಲಿಲ್ಲ. ಆದರೆ ಬಸ್ಸು ಹೋಗುವುದನ್ನು ಕಣ್ಣಾರೆ ನೋಡಿತು.

ಮರುದಿನ ಮಧ್ಯಾಹ್ನ ಚಾಪೆ ಹಾಸಿದಾಗ ನಾನು ಎಂದಿನಂತೆ ಸೆರಗು ಕೊಡಲು ಹೋದೆ.

“ಬ್ಯಾಡ” ಎಂದಿತು.

“ಯಾಕವ್ವ?”

“ನೀ ಓದ್ರ ಎಬ್ಬುಸ್ತಿಯಲ್ಲ.”

ಹೇಳಿ ಗೋಡೆಯ ಕಡೆ ತಿರುಗಿ ಮಲಗಿತು. ನಾನು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಕೂತೆ. ಅವತ್ತು ಎಲ್ಲಿಗೆ ಬೇಕಾದರೂ ಎದ್ದು ಹೋಗಬಹುದಿತ್ತು. ಹೋಗುವುದಕ್ಕೆ ಜಾಗವೇ ಇರಲಿಲ್ಲ. ಮುಂದಿನ ವರ್ಷ ಸಿಂಧು ಪಕ್ಕದ ಶಾಲೆಗೆ ಸೇರಿದಳು. ಗೆಳತಿಯರ ಜೊತೆ ನಮ್ಮ ಬಾಗಿಲ ಮುಂದೆಯೇ ಓಡಿಹೋಗುತ್ತಿದ್ದಳು.

ನಾನು ನಿವೃತ್ತಿಯಾದ ದಿನ ಬೆಳಿಗ್ಗೆ ಊರಿನವರು ಶಾಲು ಹೊದಿಸಿ, ಸಿಹಿ ಹಂಚಿ ಹೋದರು. ಮಧ್ಯಾಹ್ನ ಎಂದಿನಂತೆ ಚಾಪೆ ಹಾಸಿದೆವು. ಮಕ್ಕಳು ಮಲಗಿದರು. ಅವತ್ತು ಮಾದಮ್ಮ ಮಲಗಲಿಲ್ಲ. ನನ್ನೆದುರು ಕೂತು ಸುಮ್ಮನೆ ಕೈ ಬೆರಳು ಹಿಸುಕಿಕೊಳ್ಳುತ್ತಿದ್ದಳು.

“ಇವು ಮಲಗಿರಾಗ್ಲೇ ಓಗ್ಬುಡಿ ಮಿಸ್ಸು. ಎದ್ರ ಅಳ್ತವ. ನಿಮಗೂ ಕಷ್ಟ.”

“ಇಲ್ಲ ಮಾದಮ್ಮ. ಹೇಳ್ದೇನೇ ಓಗಬಾರ್ದು.”

ಬಿಸಿಲು ಜಗಲಿಗೆ ಇಳಿಯುವವರೆಗೆ ಕೂತೆವು. ಕಿಟಕಿಯ ಸೀರೆ ಸರಿಸಿದೆ. ಒಂದೊಂದಾಗಿ ಎದ್ದವು, ಮೈ ಮುರಿದವು, ಒಂದನ್ನೊಂದು ನೋಡಿ ನಕ್ಕವು. ಮುಖ ತೊಳೆಸಿ ಎಲ್ಲರನ್ನೂ ಕೂರಿಸಿ ಹೇಳಿದೆ.

“ನಾಳಿಂದ ನಾ ಬರಲ್ಲ ಮಕ್ಕಳಾ. ಬೇರೆ ಮಿಸ್ಸು ಬತ್ತಾರ. ನಾ ಓಯ್ತಿನಿ.”

ಎಲ್ಲರೂ ಕಣ್ಣರಳಿಸಿ ನನ್ನನ್ನು ನೋಡಿದರು. ಮುಂದಿನ ಸಾಲಿನ ಮಗುವೊಂದು ಕೇಳಿತು: “ನಾಳಿಕ್ಕ ಮೊಟ್ಟ ಕೊಡ್ತಾರ?”

“ಕೊಡ್ತಾರ.”

“ಸರಿ, ಓಗು ಮಿಸ್ಸು. ಟಾಟಾ.”

ಎಲ್ಲರೂ ಟಾಟಾ ಎಂದರು. ಒಬ್ಬರೂ ಅಳಲಿಲ್ಲ. ಚೆನ್ನಾಗಿ ನಿದ್ದೆಯಾಗಿತ್ತು, ಮನಸ್ಸು ಹಗುರವಾಗಿತ್ತು, ಹೊರಗೆ ಆಡುವ ಹೊತ್ತಾಗಿತ್ತು. ಮಾದಮ್ಮ ಒಲೆಯ ಕಡೆ ತಿರುಗಿ ನಿಂತಿದ್ದಳು. ಬ್ಯಾಗು ತೆಗೆದುಕೊಂಡು ಹನೂರಿನ ರಸ್ತೆಯ ಕಡೆ ನಡೆದೆ. ಅಂದು ಬೆಳಿಗ್ಗೆ ಹೊಸ ಪದ್ಯವೊಂದನ್ನು ಹೇಳಿಕೊಟ್ಟಿದ್ದೆ. ಅಂಗಳದಲ್ಲಿ ಅದನ್ನು ಹಾಡತೊಡಗಿದರು. ಬೇಲಿಯ ತಿರುವಿನವರೆಗೂ ಕೇಳಿಸಿತು. ಒಂದು ಸಾಲೂ ತಪ್ಪಲಿಲ್ಲ.